ಕೆನಾಯ್ ಫ್ಯೋರ್ಡ್ಸ್ ರಾಷ್ಟ್ರೀಯ ಉದ್ಯಾನ

ಅಮೆರಿಕದ ಅಲಾಸ್ಕ ರಾಜ್ಯದ ದಕ್ಷಿಣ ಕರಾವಳಿಯಲ್ಲಿರುವ ಸಂರಕ್ಷಿತ ಪ್ರದೇಶ. 1980ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಹಿಮನದಿಗಳು ಕೊರೆದ ಕಣಿವೆಗಳಿಗೆ ಕಡಲು ನುಗ್ಗಿ ಆದ ಕಡಿದಾದ ಕೊಲ್ಲಿಗಳೇ ಫ್ಯೋರ್ಡ್‌ಗಳು. ಇದು ಸುಗ್ಪಿಯಾಕ್ ಜನರ ಪೂರ್ವಿಕರ ನೆಲ. ಹೆಬ್ಬಾಗಿಲು ಸೀವರ್ಡ್ ಪಟ್ಟಣ. ಆಂಕರೇಜ್‌ನಿಂದ ಸುಮಾರು 200 ಕಿ.ಮೀ., ರಸ್ತೆಯಲ್ಲೂ ರೈಲಿನಲ್ಲೂ ತಲುಪಬಹುದು.

ಎತ್ತರದ ಹಾರ್ಡಿಂಗ್ ಹಿಮಬಯಲಿನಿಂದ ಸುಮಾರು 40 ಹಿಮನದಿಗಳು ಇಳಿಯುತ್ತವೆ. ಉದ್ಯಾನದಲ್ಲಿ ರಸ್ತೆಯಿಂದ ತಲುಪಬಹುದಾದ ಹಿಮನದಿ ಎಕ್ಸಿಟ್ ಒಂದೇ. ಅದರತ್ತ ಸಾಗುವ ಹಾದಿಯಲ್ಲಿ 1917, 1951, 2010 ಎಂದು ಬರೆದ ಫಲಕಗಳಿವೆ: ಆಯಾ ವರ್ಷ ಹಿಮದ ಅಂಚು ಅಲ್ಲಿತ್ತು. ಒಂದು ಫಲಕದಿಂದ ಇನ್ನೊಂದಕ್ಕೆ ನಡೆಯುವಾಗ, ಒಮ್ಮೆ ಹಿಮವಿದ್ದೆಡೆ ಈಗ ಗಿಡಮರ ಬೆಳೆದಿರುವುದು ಕಾಣುತ್ತದೆ. ಹವಾಮಾನ ಬದಲಾವಣೆಯನ್ನು ಇಷ್ಟು ನೇರವಾಗಿ ಕಾಲಿಗೆ ತಿಳಿಸುವ ದಾರಿ ಅಪರೂಪ. ಹಿಮಬಯಲಿನ ಅಂಚಿಗೆ ಹೋಗಿಬರಲು ಸುಮಾರು 13 ಕಿ.ಮೀ. ಚಾರಣ, ಏರು ಸಾವಿರ ಮೀಟರಿಗೂ ಮಿಗಿಲು. ಕಪ್ಪು ಕರಡಿಗಳ ಸೀಮೆಯಾದ್ದರಿಂದ ಸದ್ದು ಮಾಡುತ್ತ ನಡೆಯಬೇಕು.

ಉದ್ಯಾನದ ಉಳಿದೆಡೆಗೆ ಹೆಚ್ಚಾಗಿ ದೋಣಿಯೇ ದಾರಿ. ಬೇಸಿಗೆಯಲ್ಲಿ ಸೀವರ್ಡ್‌ನಿಂದ ಹೊರಡುವ ದೋಣಿಗಳು ಐಯಾಲಿಕ್, ಹೋಲ್ಗೇಟ್ ಹಿಮನದಿಗಳ ಎದುರು ಎಂಜಿನ್ ನಿಲ್ಲಿಸುತ್ತವೆ. ನೀಲಿ ಗೋಡೆಯಿಂದ ಒಂದು ಚೂರು ಕಳಚುವುದು ಮೊದಲು ಕಾಣುತ್ತದೆ, ಗುಡುಗಿನಂಥ ಸದ್ದು ಆಮೇಲೆ ಬರುತ್ತದೆ. ಏಳುವ ಅಲೆ ಕಯಾಕ್ ಮಗುಚಬಲ್ಲದು. ಹುಟ್ಟು ಹಾಕುವವರು ದೂರವಿರಲೇಬೇಕು. ಗೂನುಬೆನ್ನಿನ ತಿಮಿಂಗಿಲ, ಓರ್ಕಾ, ಕಡಲ ನೀರುನಾಯಿ, ಪಫಿನ್ ಹಕ್ಕಿಗಳು ಇಲ್ಲಿ ಕಾಣಸಿಗುತ್ತವೆ. ಚಳಿಗಾಲದಲ್ಲಿ ಎಕ್ಸಿಟ್ ರಸ್ತೆ ವಾಹನಗಳಿಗೆ ಮುಚ್ಚುತ್ತದೆ. ಆಗ ಸ್ಕೀ, ಹಿಮಬಂಡಿಗಳೇ ಗತಿ.