ಕನ್ನಡದ ಇ-ಮೇಲಿನಲ್ಲಿ ಅಕ್ಷರವೂ ಅಕ್ಷರರೂಪವೂ

ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದಲ್ಲಿ ಕಾಗದದ ಮೇಲೆ ಬರೆದು ಅಂಚೆಗೆ ಹಾಕಿದ ಪತ್ರವು ತುಮಕೂರಿಗೆ ಹೋದರೂ ಲಂಡನ್ನಿಗೆ ಹೋದರೂ ಬರೆದವನ ಕೈಯಕ್ಷರವು ಇದ್ದಂತೆಯೇ ಓದುವವನ ಕೈಸೇರುವುದು. ದಾರಿಯಲ್ಲಿ ನೆನೆದು ಮಸಿ ಕದಡಬಹುದು. ಆದರೆ ಕಕಾರವು ಬೇರೊಂದು ಲಿಪಿಯ ಅಕ್ಷರವಾಗಲಾರದು. ಗಣಕಯಂತ್ರದ ಮೂಲಕ ಹೋದ ಕನ್ನಡ ಪತ್ರಗಳಿಗೆ ಹಲವು ವರ್ಷಗಳ ಕಾಲ ಈ ಭರವಸೆಯಿರಲಿಲ್ಲ. ಬರೆವಣಿಗೆಯ ಸಾಧನವಾದ ಪದಸಂಸ್ಕಾರಕವೂ ಸಾಗಣೆಯ ಸಾಧನವಾದ ಇ-ಮೇಲೂ ಬೇರೆ ಬೇರೆ ಮನೆಗಳಲ್ಲಿ ಹುಟ್ಟಿ ಬೆಳೆದುದೇ ಇದಕ್ಕೆ ಕಾರಣ.

1971ರಲ್ಲಿ ರೇ ಟಾಮ್ಲಿನ್‌ಸನ್ ಎಂಬಾತನು ವಿಳಾಸದಲ್ಲಿ ‘@’ ಚಿಹ್ನೆಯನ್ನು ಬಳಸಿ ಒಂದು ಯಂತ್ರದಿಂದ ಇನ್ನೊಂದಕ್ಕೆ ಪತ್ರ ಕಳುಹಿಸಿದನು. 1982ರಲ್ಲಿ ಗೊತ್ತುಮಾಡಿದ ನಿಯಮಗಳ ಪ್ರಕಾರ ಪತ್ರದ ಒಡಲಿನಲ್ಲಿ ಆಸ್ಕಿ ಎಂಬ ಪಟ್ಟಿಯ 128 ಸಂಕೇತಗಳಿಗೆ ಮಾತ್ರ ಎಡೆಯಿತ್ತು. ದಪ್ಪಕ್ಷರವಿಲ್ಲ, ಓರೆಯಕ್ಷರವಿಲ್ಲ, ಅಡಿಗೆರೆಯಿಲ್ಲ. ಈ ಬಡತನದಲ್ಲಿಯೂ ಜನರು ಒಂದು ಸಂಸಾರ ಹೂಡಿದರು. 1995ರಲ್ಲಿ ಹೊರಟ ಜಾಲಶಿಷ್ಟಾಚಾರದ ಸೂಚನೆಗಳಲ್ಲಿ, ಒತ್ತಿ ಹೇಳಬೇಕಾದ ಪದದ ಎರಡು ಬದಿಗೂ ನಕ್ಷತ್ರಚಿಹ್ನೆಯನ್ನಿಡಬೇಕೆಂದೂ ಸಾಲಿನ ಉದ್ದವು 65 ಅಕ್ಷರಗಳಿಗೆ ಕಡಮೆಯಿರಬೇಕೆಂದೂ ಹೇಳಿದೆ. ಆ ವೇಳೆಗೆ 1978ರ ವರ್ಡ್‌ಸ್ಟಾರ್, 1983ರ ಮೈಕ್ರೋಸಾಫ್ಟ್ ವರ್ಡ್ ಮೊದಲಾದ ಪದಸಂಸ್ಕಾರಕಗಳು ಬರೆಹಗಾರರಿಗೆ ಅಲಂಕಾರದ ರುಚಿಯನ್ನು ಹತ್ತಿಸಿದ್ದುವು. 1992ರ ‘ಮೈಮ್’ ಎಂಬ ಕ್ರಮವು ಈ ಎರಡು ಮನೆಗಳ ನಡುವಣ ಗೋಡೆಗೆ ಬಾಗಿಲನ್ನಿಟ್ಟಿತು. ಔಟ್‌ಲುಕ್‌ನ 2007ರ ಆವೃತ್ತಿಯಲ್ಲಂತೂ ಪತ್ರವನ್ನು ಬರೆಯುವುದಕ್ಕೂ ತೋರಿಸುವುದಕ್ಕೂ ವರ್ಡ್ ತಂತ್ರಾಂಶವೇ ನಿಂತಿತು.

ಇಂಗ್ಲಿಷಿನಲ್ಲಿ ಬರೆಯುವವನಿಗೆ ಇವೆಲ್ಲ ಒಡವೆಗಳು. ಕಳೆದರೆ ಮೈ ಉಳಿಯುವುದು. ಕನ್ನಡದ ಸ್ಥಿತಿ ಹಾಗಿರಲಿಲ್ಲ. ಯಂತ್ರವು ಕನ್ನಡವನ್ನು ತಾನಾಗಿ ಅರಿಯದಿದ್ದ ಕಾಲದಲ್ಲಿ ನಮ್ಮ ತಂತ್ರಾಂಶಕಾರರು ರೋಮನ್ ಲಿಪಿಯ ಸಂಕೇತಗಳ ಮೇಲೆ ಕನ್ನಡದ ಚಿತ್ರಗಳನ್ನು ಹೊದಿಸಿ ಕೆಲಸ ಸಾಗಿಸಿದರು. ಇದನ್ನು ಹಗುರವಾಗಿ ಕಾಣತಕ್ಕದ್ದಲ್ಲ. ತಮ್ಮ ತಂತ್ರಾಂಶಕ್ಕೆ ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನಿಟ್ಟ ಕೆ.ಪಿ. ರಾಯರ ಕೀಲಿಮಣೆ, 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇವುಗಳಿಲ್ಲದಿದ್ದರೆ ಗಣಕದಲ್ಲಿ ಕನ್ನಡದ ಬರೆವಣಿಗೆಯು ಇನ್ನೆಷ್ಟು ಕಾಲ ತಡೆಯುತ್ತಿತ್ತೋ ಹೇಳಲಾಗದು. ಆದರೆ ಈ ಉಪಾಯದಲ್ಲಿ ಅಕ್ಷರರೂಪವೇ, ಎಂದರೆ ಫಾಂಟೇ, ಅಕ್ಷರವಾಗಿತ್ತು.

‘ಕನ್ನಡ’ ಎಂಬ ಪದವನ್ನೇ ತೆಗೆದುಕೊಳ್ಳಬಹುದು. ನುಡಿಯ ಹಳೆಯ ಫಾಂಟಿನಲ್ಲಿ ಅದಕ್ಕೆ ಏಳು ಸಂಕೇತಗಳು. ತಲಕಟ್ಟಿಲ್ಲದ ಕಕಾರಕ್ಕೆ ರೋಮನ್ನಿನ ‘ಪಿ’, ತಲಕಟ್ಟಿಗೆ ಮೇಲೆ ಗೀಟುಳ್ಳ ‘ಎ’, ನಕಾರಕ್ಕೆ ಪೌಂಡ್ ನಾಣ್ಯದ ಗುರುತು, ಮತ್ತೆ ತಲಕಟ್ಟು, ನಕಾರದ ಒತ್ತಿಗೆ ಜರ್ಮನರ ಜೋಡಿ ಸಕಾರ, ಡಕಾರಕ್ಕೆ ‘ಕ್ಯೂ’, ಕೊನೆಗೆ ಇನ್ನೊಮ್ಮೆ ತಲಕಟ್ಟು. ಇದು ಅಚ್ಚುಕೂಟದಲ್ಲಿ ಮೊಳೆ ಜೋಡಿಸುವವನ ಕ್ರಮ, ವೈಯಾಕರಣನ ಕ್ರಮವಲ್ಲ. ಪದಸಂಸ್ಕಾರಕದಿಂದ ಎತ್ತಿ ಇ-ಮೇಲಿಗೆ ಅಂಟಿಸಿದಾಗ ಫಾಂಟಿನ ಹೆಸರು ಕಳಚಿತೆಂದರೆ, ಓದುವವನ ಎದುರಿಗೆ ನಾಣ್ಯದ ಗುರುತು, ಗೀಟಿನ ‘ಎ’ಗಳೇ ನಿಲ್ಲುತ್ತಿದ್ದುವು. ಎಂಟನೆಯ ಅಂಕವನ್ನು ಉದುರಿಸುವ ಹಳೆಯ ಮಾರ್ಗದಲ್ಲಿ ಪತ್ರವು ಹಾದರೆ ಇನ್ನೊಂದು ವಿಚಿತ್ರ: ಲೆಕ್ಕದ ಪ್ರಕಾರ ಆ ತಲಕಟ್ಟು ಟಾಮ್ಲಿನ್‌ಸನ್ನನ ‘@’ ಚಿಹ್ನೆಯಾಗಿಯೇ ಮಾರ್ಪಡುವುದು!

ಇದಕ್ಕೆ ಹೆದರಿದವರು ಪುಟವನ್ನೇ ಚಿತ್ರವಾಗಿ ಲಗತ್ತಿಸಿದರು. ಮತ್ತೆ ಹಲವರು ರೋಮನ್ ಲಿಪಿಯಲ್ಲಿಯೇ ಕನ್ನಡ ಬರೆದರು. ರೋಮನ್ ಲಿಪಿಯ ಸಾಮಾನ್ಯ ರೂಢಿಯಲ್ಲಿ ಲಕಾರ ಳಕಾರಗಳಿಗೆ ಭೇದವಿಲ್ಲವಾದುದರಿಂದ ಹಳ್ಳಿಯೂ ಹಲ್ಲಿಯೂ ಒಂದೇ ಆದುವು.

1991ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವಿತ್ತು. ಆದರೆ ಸಾಮಾನ್ಯರ ಯಂತ್ರಗಳಲ್ಲಿ ಅದು ನೆಲೆಯೂರಲು 2001ರ ವಿಂಡೋಸ್ ಎಕ್ಸ್‌ಪಿಯೂ ಅದರೊಡನೆ ಬಂದ ‘ತುಂಗಾ’ ಫಾಂಟೂ ಬೇಕಾದುವು. ಇಲ್ಲಿ ‘ಕನ್ನಡ’ಕ್ಕೆ ಐದೇ ಸಂಕೇತಗಳು: ಕ, ನ, ಹಲಂತ, ನ, ಡ. ತಲಕಟ್ಟನ್ನೂ ಒತ್ತನ್ನೂ ಬರೆಯುವ ಭಾರ ಫಾಂಟಿನದು. ಅದು ಬದಲಾದರೂ ಅಕ್ಷರ ಕೆಡದು. ಕನ್ನಡದ ಪತ್ರದಲ್ಲಿಯೂ ಅಲಂಕಾರವು ಕೇವಲ ಅಲಂಕಾರವಾದುದು ಅಂದಿನಿಂದ.

ಉಳಿದಿರುವುದು ನಡುವಣ ಕಾಲದ ಪತ್ರಗಳ ಪ್ರಶ್ನೆ. ಸಾಹಿತಿಗಳ ಪತ್ರವ್ಯವಹಾರವನ್ನು ಚರಿತ್ರೆಯ ಆಧಾರವೆಂದು ಬಗೆಯುವವರಿಗೆ ಇದು ಸಣ್ಣ ಮಾತಲ್ಲ. ಎಂಟು ಅಂಕಗಳೂ ಉಳಿದಿರುವ ಪ್ರತಿಯನ್ನು ಪರಿವರ್ತಕ ತಂತ್ರಾಂಶದಿಂದ ಬಹುಮಟ್ಟಿಗೆ ಓದಬಹುದು. ಆದರೆ ಫಾಂಟಿನ ಹೆಸರಳಿದ ಪ್ರತಿಯಲ್ಲಿ ಕನ್ನಡದ ಮಧ್ಯೆ ಇಂಗ್ಲಿಷ್ ಪದವೊಂದು ಬಂದಿದ್ದರೆ ಪರಿವರ್ತಕವು ಅದನ್ನೂ ಕನ್ನಡವೆಂದೇ ತಿಳಿದು ಅರ್ಥವಿಲ್ಲದ ಅಕ್ಷರಗಳನ್ನು ಸುರಿಸುವುದು. ಅಂತಹ ಸ್ಥಳಗಳಲ್ಲಿ ಸಂಪಾದಕನು ಓಲೆಗರಿಯ ಲಿಪಿಕಾರನ ಸ್ಖಲಿತವನ್ನು ಹುಡುಕುವಂತೆಯೇ ಪದಪದವನ್ನೂ ನೋಡಬೇಕು. ಎಂಟನೆಯ ಅಂಕ ಉದುರಿದ ಪ್ರತಿಯ ಪಾಡು ಇನ್ನೂ ಕಷ್ಟ. ಅದರಲ್ಲಿ ಕಾಣುವ ‘@’ ಒಂದು ವಿಳಾಸದ ನಡುವಣದೋ, ಯಾವುದೋ ಅಕ್ಷರದ ತಲಕಟ್ಟೋ ಎಂಬುದನ್ನು ಸಂದರ್ಭದಿಂದಲೇ ಊಹಿಸಬೇಕಾಗುತ್ತದೆ.