ಬಳ್ಳಾರಿ ಸೀಮೆಯ ಗೀತಪ್ರದರ್ಶನಗಳ ಚಿತ್ರಮುದ್ರಣ

ಬಳ್ಳಾರಿ ನಗರ, ಸಿರುಗುಪ್ಪ, ಕುರುಗೋಡುಗಳನ್ನೂ ಅವುಗಳ ಸುತ್ತಣ ಹಳ್ಳಿಗಳನ್ನೂ ಒಳಗೊಂಡ ಸೀಮೆಯ ರಂಗಗೀತೆ, ಬಯಲಾಟ, ಬುರ್ರಕಥೆ ಹಾಗೂ ತೊಗಲುಗೊಂಬೆಯಾಟಗಳು ಚಲನಚಿತ್ರಕ್ಕೂ ದೃಶ್ಯಮುದ್ರಿಕೆಗೂ ಇಳಿದು, ಮನೆಯಲ್ಲಿ ಕುಳಿತು ನೋಡುವಂತಾದ ವೃತ್ತಾಂತವು ಈವರೆಗಿನ ಗ್ರಂಥಗಳಲ್ಲಿ ಚದುರಿಹೋಗಿದೆ. ಈ ಸೀಮೆಯು 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯದಲ್ಲಿ ವಿಲೀನವಾಗುವವರೆಗೆ ಮದರಾಸಿಗೆ ಸೇರಿದ್ದುದರಿಂದಲೂ, ಇಲ್ಲಿನ ಕಲಾವಿದರು ಕನ್ನಡ ತೆಲುಗುಗಳೆರಡನ್ನೂ ಮನೆಮಾತಿನಂತೆ ಬಳಸುತ್ತಿದ್ದುದರಿಂದಲೂ, ಒಬ್ಬನೇ ನಟನು ಒಂದು ಚರಿತ್ರೆಯಲ್ಲಿ ಆಂಧ್ರನಾಗಿಯೂ ಇನ್ನೊಂದರಲ್ಲಿ ಕನ್ನಡಿಗನಾಗಿಯೂ ಅರ್ಧರ್ಧವಾಗಿ ಕಾಣಿಸಿಕೊಂಡಿದ್ದಾನೆ.

ಈ ಗೊಂದಲಕ್ಕೆ ಮುಖ್ಯ ನಿದರ್ಶನವೆಂದರೆ ಬಳ್ಳಾರಿ ರಾಘವರು (1880–1946). ಸರಸ ವಿನೋದಿನೀ ಸಭೆಯೆಂಬ ನಾಟಕಮಂಡಳಿಯ ಧರ್ಮವರಂ ರಾಮಕೃಷ್ಣಮಾಚಾರ್ಯರು ನಾಟಕದೊಳಕ್ಕೆ ಹಾಡುವ ಪದ್ಯಗಳನ್ನು ತಂದು ನಗರದ ರಂಗಭೂಮಿಗೆ ಸಂಗೀತದ ಮೆರುಗನ್ನು ಕೊಟ್ಟಿದ್ದರು. ಅವರ ಸೋದರಳಿಯನಾದ ರಾಘವರಾದರೋ, ವೃತ್ತಿಯಿಂದ ವಕೀಲರಾಗಿದ್ದು, ರಾಗಾಲಾಪನೆಯ ಅತಿಶಯವು ಪಾತ್ರದ ಭಾವವನ್ನು ಮುಳುಗಿಸುವುದೆಂದು ಬಗೆದು, ಗದ್ಯಸಂಭಾಷಣೆಗೇ ಪ್ರಾಧಾನ್ಯವನ್ನು ಕೊಟ್ಟರು. ಆದುದರಿಂದ ಅವರನ್ನು ಪದ್ಯಗಾಯಕರ ಪಂಕ್ತಿಯಲ್ಲಿ ಕುಳ್ಳಿರಿಸುವುದು ಸರಿಯಲ್ಲ. ‘ದ್ರೌಪದೀ ಮಾನಸಂರಕ್ಷಣಮು’ (1936), ಗೂಡವಲ್ಲಿ ರಾಮಬ್ರಹ್ಮಂ ನಿರ್ದೇಶಿಸಿದ ‘ರೈತುಬಿಡ್ಡ’ (1939), ‘ಚಂಡಿಕ’ (1940) ಎಂಬ ತೆಲುಗು ಚಿತ್ರಗಳಲ್ಲಿ ಅವರು ನಟಿಸಿದರು. ಜಮೀನ್ದಾರಿಯ ಅನ್ಯಾಯವನ್ನು ಎತ್ತಿ ತೋರಿದ ‘ರೈತುಬಿಡ್ಡ’ವು ಜಮೀನ್ದಾರರ ತೀವ್ರ ವಿರೋಧಕ್ಕೆ ಗುರಿಯಾಯಿತು. ಬಳ್ಳಾರಿಯ ಗಾನವನ್ನರಸಿ ಈ ಚಿತ್ರವನ್ನು ನೋಡುವವರಿಗೆ ನಿರಾಶೆಯಾದೀತು. ಆದರೆ ಹಾಡದೆಯೇ ಮಾತನ್ನು ಶ್ರುತಿಗೆ ಹಿಡಿಯುವುದೆಂತೆಂಬುದನ್ನು ಕಾಣಬೇಕೆನ್ನುವವರಿಗೆ ಇದಕ್ಕಿಂತ ಉತ್ತಮವಾದ ಪಾಠವಿಲ್ಲ.

ರಾಘವರ ಪ್ರಭಾವದಲ್ಲಿ ಬೆಳೆದ ಜೋಳದರಾಶಿ ದೊಡ್ಡನಗೌಡರು (1910–1994) ಗಮಕವನ್ನೂ ನಟನೆಯನ್ನೂ ಒಂದುಗೂಡಿಸಿದರು. ವೃತ್ತಿರಂಗಭೂಮಿಯ ಕಂಠವನ್ನು ನಮ್ಮ ಕಾಲದವರೆಗೆ ತಂದವರು 2020ರಲ್ಲಿ ಬಳ್ಳಾರಿಯಲ್ಲಿ ದಿವಂಗತರಾದ ಸುಭದ್ರಮ್ಮ ಮನ್ಸೂರರು.

ನಾಡಿನ ಉಳಿದೆಡೆ ಸಂಗೀತವು ತೆರೆಗೆ ಬಂದ ಬಗೆ ಸುಪರಿಚಿತ. ‘ಸಂಧ್ಯಾರಾಗ’ (1966) ಭೀಮಸೇನ ಜೋಶಿಯವರ ಕಂಠವನ್ನೂ, ನೆರೆಯ ಚಿತ್ರದುರ್ಗವನ್ನು ಕಥೆಯ ಹಿನ್ನೆಲೆಯಾಗಿ ಉಳ್ಳ, ಜಿ.ವಿ. ಅಯ್ಯರ್ ನಿರ್ದೇಶನದ ‘ಹಂಸಗೀತೆ’ (1975) ಬಾಲಮುರಳೀಕೃಷ್ಣರ ಗಾಯನವನ್ನೂ ತೆರೆಗೆ ತಂದವು. 1981ರಲ್ಲಿ ಬೆಂಗಳೂರು ದೂರದರ್ಶನವು ಆರಂಭವಾಯಿತು. ಜೋಶಿಯವರನ್ನು ಕುರಿತ ಗುಲ್ಜಾರರ ಸಾಕ್ಷ್ಯಚಿತ್ರವೂ, ಮಲ್ಲಿಕಾರ್ಜುನ ಮನ್ಸೂರರನ್ನು ಕುರಿತ ನಂದನ್ ಕುಧ್ಯಾಡಿಯವರ ‘ರಸಯಾತ್ರಾ’ವೂ ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಬಂದವು. ಕ್ಯಾಮೆರಾದ ದೃಷ್ಟಿಯು ಬಹುಕಾಲ ಧಾರವಾಡ ಸೀಮೆಯ ಗಾಯಕರ ಕಡೆಗೇ ನೆಟ್ಟಿದ್ದಿತೆಂಬುದು ಇವುಗಳಿಂದ ಸ್ಪಷ್ಟವಾಗುತ್ತದೆ.

ಬಳ್ಳಾರಿಯ ಪಾಲಿಗೆ ನಿಜವಾದ ತಿರುವು ಬಂದುದು ಶಾಸ್ತ್ರೀಯ ಕಛೇರಿಯಿಂದಲ್ಲ, ಜನಪದ ಗಾಯನದಿಂದ. ಸಂಡೂರು ತಾಲ್ಲೂಕಿನ ದರೋಜಿಯ ಬುಡ್ಗ ಜಂಗಮ ಸಮುದಾಯದ ಬುರ್ರಕಥೆಗಾರ್ತಿ ಈರಮ್ಮನವರು (ನಿಧನ 2014) ಅಕ್ಷರವನ್ನರಿಯದೆಯೇ ಹನ್ನೆರಡು ಮಹಾಕಾವ್ಯಗಳನ್ನು ಕಂಠಸ್ಥವಾಗಿರಿಸಿಕೊಂಡಿದ್ದು, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ‘ನಾಡೋಜ’ ಗೌರವಕ್ಕೆ ಪಾತ್ರರಾದರು. ಇಂತಹ ಕಾವ್ಯವು ಅಚ್ಚಾದಾಗ ಕಥೆ ಉಳಿಯುತ್ತದೆ, ಆಟ ಉಳಿಯುವುದಿಲ್ಲ. ಬುರ್ರಕಥೆಯಲ್ಲಿ ಕಥೆಗಾರರು ತಂಬೂರಿಯನ್ನು ಹೆಗಲಿಗೇರಿಸಿ, ಬೆರಳಿನ ಉಂಗುರದಿಂದ ತಾಳವನ್ನು ಹಿಡಿದು, ಮುಂದಕ್ಕೂ ಹಿಂದಕ್ಕೂ ಹೆಜ್ಜೆಯಿಡುತ್ತ ಒಂದು ಸಾಲನ್ನು ಎತ್ತಿಕೊಡುವರು. ಇಕ್ಕೆಲದ ಸಹಗಾಯಕರು ಅದರ ಕೊನೆಯ ಮಾತು ಮುಗಿಯುವ ಮುನ್ನವೇ ವಾದ್ಯದ ಪೆಟ್ಟಿನೊಡನೆ ಸೊಲ್ಲು ಸೇರಿಸುವರು. ಕಣ್ಸನ್ನೆಯ ಈ ಕೊಡುಕೊಳೆಯನ್ನು ದೃಶ್ಯಮುದ್ರಿಕೆಯೊಂದೇ ಹಿಡಿಯಬಲ್ಲುದು.

ನಾಟಕದಿಂದ ತೊಗಲುಗೊಂಬೆಗೆ ಬಂದು, ರಾಮಾಯಣದೊಡನೆ ಸ್ವಾತಂತ್ರ್ಯಸಂಗ್ರಾಮದ ಕಥೆಯನ್ನೂ ತೆರೆಯ ಮೇಲೆ ಆಡಿಸಿದ ಬೆಳಗಲ್ಲು ವೀರಣ್ಣನವರು 2023ರಲ್ಲಿ ತೀರಿಕೊಂಡರು. ಈ ಕಲೆಯ ಚಿತ್ರೀಕರಣದಲ್ಲಿ ಒಂದು ವಿಶೇಷ ತೊಡಕಿದೆ: ಸಾಮಾನ್ಯವಾಗಿ ಕ್ಯಾಮೆರಾವನ್ನು ಪ್ರೇಕ್ಷಕರ ಕಡೆಯಲ್ಲಿಯೇ ನಿಲ್ಲಿಸುವುದರಿಂದ ಬಣ್ಣದ ನೆರಳು ಕಾಣುವುದೇ ಹೊರತು, ದೀಪಕ್ಕೂ ಪರದೆಗೂ ನಡುವೆ ಗೊಂಬೆಯನ್ನು ಹಿಡಿದು, ಅದರ ಕೈಯನ್ನು ಕಡ್ಡಿಯಿಂದ ಕುಣಿಸುತ್ತಲೇ ಹಾಡುವ ಮನುಷ್ಯನು ಕಾಣುವುದಿಲ್ಲ. ಎರಡು ಪಾರ್ಶ್ವಗಳಿಂದಲೂ ಚಿತ್ರಿಸಿದ ಪ್ರದರ್ಶನವೇ ಶ್ರೇಷ್ಠ.

ಇತ್ತೀಚಿನ ವರ್ಷಗಳಲ್ಲಿ ಸಿರುಗುಪ್ಪದ ಭತ್ತದ ಸೀಮೆಯಲ್ಲಿಯೂ, ದೊಡ್ಡಬಸವೇಶ್ವರನ ಜಾತ್ರೆಯ ಊರಾದ ಕುರುಗೋಡಿನ ಕಡೆಯಲ್ಲಿಯೂ ಆಡುವ ಬಯಲಾಟಗಳನ್ನೂ, ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ಯಂತಹ ನಾಟಕಗಳನ್ನೂ ಊರಿನ ಯುವಕರೇ ಮೊಬೈಲಿನಲ್ಲಿ ಚಿತ್ರಿಸಿ ಯೂಟ್ಯೂಬಿಗೆ ಏರಿಸುವ ರೂಢಿ ಬಂದಿದೆ. ಚಿತ್ರ ನಡುಗುವುದುಂಟು, ಹಾರ್ಮೋನಿಯಂ ಮಾತನ್ನು ನುಂಗುವುದುಂಟು; ಆದರೂ ಸಂಪಾದಕನ ಕತ್ತರಿಗೆ ಸಿಕ್ಕದೆ, ಗಣಸ್ತುತಿಯಿಂದ ಮಂಗಳದವರೆಗೆ ಇಡಿಯ ರಾತ್ರಿಯ ಆಟವನ್ನು ಉಳಿಸುವ ಇಂತಹ ಮುದ್ರಿಕೆಗಳೇ, ವೇದಿಕೆಯ ಉತ್ಸವಗಳಿಗಾಗಿ ಅರ್ಧ ಗಂಟೆಗೆ ಮೊಟಕುಗೊಳಿಸಿದ ಅಂದವಾದ ಚಿತ್ರಗಳಿಗಿಂತ ಚರಿತ್ರಕಾರನಿಗೆ ಬೆಲೆಯುಳ್ಳವು.

ಇವುಗಳಿಗೂ ಹಿಂದಿನ ವಿಡಿಯೋ ಕ್ಯಾಸೆಟ್ಟುಗಳು ಅಪಾಯದಲ್ಲಿವೆ: ಅಯಸ್ಕಾಂತೀಯ ಪಟ್ಟಿಯ ಲೇಪವು ವರ್ಷಗಳು ಕಳೆದಂತೆ ಶಿಥಿಲವಾಗುವುದು, ಅದನ್ನು ಓದುವ ಯಂತ್ರಗಳ ತಯಾರಿಕೆಯನ್ನು ಜಪಾನಿನ ಫುನಾಯ್ ಸಂಸ್ಥೆಯು 2016ರಲ್ಲಿ ನಿಲ್ಲಿಸಿತು. ಜಾತ್ರೆಯ ನಾಟಕದ, ಬಯಲಾಟದ ಹಳೆಯ ಕ್ಯಾಸೆಟ್ಟು ಯಾರ ಮನೆಯ ಪೆಟ್ಟಿಗೆಯಲ್ಲಿದ್ದರೂ ಅವರು ಅದನ್ನು ಬೇಗನೆ ಡಿಜಿಟಲ್ ರೂಪಕ್ಕೆ ತಂದು, ಪಾತ್ರಧಾರಿಗಳ ಹೆಸರು, ಊರು, ವರ್ಷಗಳನ್ನು ಬರೆದಿಡಬೇಕು.