ಚಿತ್ರದೊಳಗೆ ಸುರಿಯದ ಮಳೆ

ಹಾನಗಲ್ಲಿನ ತಾರಕೇಶ್ವರ ದೇವಾಲಯ ಕ್ಯಾಮೆರಾದ ಕಣ್ಣಿಗೆ ಬಿದ್ದದ್ದು 1850ರ ದಶಕದಲ್ಲಿ. ಹಳೆಯ ಕಟ್ಟಡಗಳ ಚಿತ್ರ ತೆಗೆಯಲೆಂದು ಮುಂಬಯಿ ಸರಕಾರ 1855ರಲ್ಲಿ ಮೊದಲು ಫಿರಂಗಿದಳದ ಥಾಮಸ್ ಬಿಗ್ಸ್‌ನನ್ನು, ಅವನ ನಂತರ ವೈದ್ಯ ವಿಲಿಯಂ ಹೆನ್ರಿ ಪಿಗೌನನ್ನು ನೇಮಿಸಿತು. ಇವರಿಬ್ಬರ ಮತ್ತು ಎ.ಸಿ.ಬಿ. ನೀಲ್‌ನ ಚಿತ್ರಗಳು 'ಆರ್ಕಿಟೆಕ್ಚರ್ ಇನ್ ಧಾರವಾರ್ ಅಂಡ್ ಮೈಸೂರ್' ಎಂಬ ಹೆಸರಿನಲ್ಲಿ, ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ ಅವರ ಬರಹದೊಂದಿಗೆ, 1866ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾದವು. ಆ ಕಾಲದ ಚಿತ್ರಗಳಲ್ಲಿ ಕಲ್ಲಿನ ಕೆತ್ತನೆಯ ಗೆರೆ ಗೆರೆಯೂ ನಿಚ್ಚಳ. ಮೇಲಿನ ಆಕಾಶ ಮಾತ್ರ ಬೋಳು. ಕಾರಣ ಸರಳ. ಬೆಳ್ಳಿಯ ಲವಣ ಬಳಿದ ಅಂದಿನ ನೆಗೆಟಿವ್‌ಗಳು ನೀಲಿ ಬೆಳಕಿಗೆ ಬೇಗ ಸ್ಪಂದಿಸುತ್ತಿದ್ದವು, ಹಸಿರು ಕೆಂಪುಗಳಿಗೆ ಹೆಚ್ಚುಕಡಿಮೆ ಕುರುಡಾಗಿದ್ದವು. ಗುಡಿಯ ಗೋಡೆ ಮೂಡುವಷ್ಟು ಹೊತ್ತು ಬೆಳಕು ಬಿಟ್ಟರೆ ನೀಲಿಯೂ ಮೋಡವೂ ಒಂದೇ ಬಿಳುಪಾಗಿ ಅಳಿಸಿಹೋಗುತ್ತಿದ್ದವು. ನಿಮಿಷಗಟ್ಟಲೆ ತೆರೆದಿಟ್ಟ ಮಸೂರದ ಮುಂದೆ ಸುರಿದ ಮಳೆಯ ಹನಿಗಂತೂ ಗುರುತೇ ಉಳಿಯುತ್ತಿರಲಿಲ್ಲ. ಹೀಗಾಗಿ ವರ್ಷದ ನಾಲ್ಕು ತಿಂಗಳು ಮಳೆಯನ್ನೇ ಉಸಿರಾಡುವ ಊರು, ಛಾಯಾಚಿತ್ರದ ಇತಿಹಾಸಕ್ಕೆ ಒಣ ಊರಾಗಿಯೇ ಪ್ರವೇಶಿಸಿತು.

ಇಂದು ಮೊಬೈಲಿನಲ್ಲಿ ಒಂದು ಗುಂಡಿ ಒತ್ತಿ ಚಿತ್ರಕ್ಕೆ ಮಳೆ, ಮಂಜು, ಮಿಂಚು ಸೇರಿಸುವುದನ್ನು ಹೊಸ ಕಾಲದ ಸುಳ್ಳು ಎಂದು ಜರೆಯುವವರು ಈ ಬೋಳು ಆಕಾಶವನ್ನು ಮೊದಲು ನೋಡಬೇಕು. ಹವೆಯನ್ನು ಹೊರಗಿನಿಂದ ತಂದು ಸೇರಿಸುವ ಚಾಳಿ ಹುಟ್ಟಿದ್ದು ಮೋಸಕ್ಕಲ್ಲ, ಕ್ಯಾಮೆರಾದ ಕೊರತೆ ತುಂಬುವುದಕ್ಕೆ. ಫ್ರಾನ್ಸಿನ ಗುಸ್ತಾವ್ ಲ ಗ್ರೇ 1856–57ರ ಸುಮಾರಿಗೆ ಕಡಲಿಗೊಂದು, ಮುಗಿಲಿಗೊಂದು ನೆಗೆಟಿವ್ ತೆಗೆದು ಎರಡನ್ನೂ ಒಂದೇ ಕಾಗದಕ್ಕೆ ಇಳಿಸಿದ. ಒಂದೇ ಮುಗಿಲು ಅವನ ಒಂದಕ್ಕಿಂತ ಹೆಚ್ಚು ಕಡಲುಗಳ ಮೇಲೆ ಕಾಣಿಸಿಕೊಂಡದ್ದೂ ಉಂಟು. ನಮಗೆ ಇನ್ನೂ ಹತ್ತಿರದವನು ಲಿನೇಯಸ್ ಟ್ರೈಪ್. 1854ರ ಕೊನೆಯಲ್ಲಿ ಬೇಲೂರು ಹಳೇಬೀಡುಗಳ ಚಿತ್ರ ತೆಗೆದ ಈತ, ಮರುವರ್ಷ ಬರ್ಮಾದಲ್ಲಿ ತೆಗೆದ ಕಾಗದದ ನೆಗೆಟಿವ್‌ಗಳ ಮೇಲೆ ಬಣ್ಣ ಹಚ್ಚಿ ಮೋಡಗಳನ್ನು ಕೈಯಾರೆ ಬಿಡಿಸಿದ. ಮುಂದೆ 1873ರಲ್ಲಿ ಜರ್ಮನಿಯ ಹರ್ಮನ್ ಫೋಗಲ್, ಬಣ್ಣದ ದ್ರವ್ಯ ಸೇರಿಸಿದರೆ ನೆಗೆಟಿವ್ ಇತರ ಬಣ್ಣಗಳನ್ನೂ ಹಿಡಿಯುತ್ತದೆಂದು ಕಂಡುಕೊಂಡ. ಮಸೂರಕ್ಕೆ ಹಳದಿ ಗಾಜು ತೊಡಿಸಿ ನೀಲಿಯನ್ನು ತಡೆದಾಗ ಮೋಡಗಳು ತಾವಾಗಿಯೇ ಎದ್ದು ಕಂಡವು. ಆ ಗಾಜಿನ ಹೆಸರೇ ಫಿಲ್ಟರ್. ಇದನ್ನು ನಾನು ಒತ್ತಿ ಹೇಳುತ್ತೇನೆ: ಫಿಲ್ಟರ್ ಎಂಬ ಮಾತು ನಮ್ಮ ಫೋಟೋಗ್ರಾಫರರ ಬಾಯಿಗೆ ಬಂದಾಗ ಅದು ಸೋಸುವ ಸಾಧನವಾಗಿತ್ತು, ಇದ್ದ ಹವೆಯನ್ನು ಕಾಣಿಸುತ್ತಿತ್ತು, ಇಲ್ಲದ್ದನ್ನು ತರುತ್ತಿರಲಿಲ್ಲ.

ಅರ್ಥ ತಿರುವುಮುರುವಾದದ್ದು ಗಣಕದ ಕಾಲದಲ್ಲಿ. ಲೆಕ್ಕದಿಂದಲೇ ಮೋಡ ಹೊಗೆಗಳ ಏರುಪೇರನ್ನು ಹುಟ್ಟಿಸುವ ವಿಧಾನವನ್ನು ಕೆನ್ ಪರ್ಲಿನ್ 1985ರಲ್ಲಿ ಪ್ರಕಟಿಸಿದ. 1990ರಲ್ಲಿ ಫೋಟೋಶಾಪ್ ಮಾರುಕಟ್ಟೆಗೆ ಬಂತು. ಅದರಲ್ಲಿ ಮಳೆ ಸುರಿಸುವ ಬಗೆ ಡಿಟಿಪಿ ಅಂಗಡಿಯ ಹುಡುಗರಿಗೆಲ್ಲ ಬಾಯಿಪಾಠ: ಕಪ್ಪು ಪದರದ ಮೇಲೆ ಬಿಳಿ ಚುಕ್ಕೆಗಳನ್ನು ಎರಚುವುದು, ಅವನ್ನು ಓರೆಯಾಗಿ ಎಳೆದು ಗೆರೆ ಮಾಡುವುದು, ಕಪ್ಪು ಕಾಣದಂತೆ ಚಿತ್ರದೊಳಗೆ ಬೆರೆಸುವುದು. ಗೆರೆಗಳೇನೋ ಮಳೆಯಂತೆ ಕಾಣುತ್ತವೆ. ಆದರೆ ಆ ಮಳೆಗೆ ನೆಲ ತೋಯುವುದಿಲ್ಲ. ನೆಂದ ಕಲ್ಲು ಕಪ್ಪಾಗಬೇಕು, ಅಂಗಳದ ನೀರಿನಲ್ಲಿ ಕಂಬದ ಬಿಂಬ ಬೀಳಬೇಕು, ಮೋಡ ಮುಸುಕಿದಾಗ ನೆರಳು ಕರಗಬೇಕು. ಫಿಲ್ಟರ್ ಮಳೆಯಲ್ಲಿ ಮಟಮಟ ಮಧ್ಯಾಹ್ನದ ನೆರಳು ಹರಿತವಾಗಿಯೇ ಬಿದ್ದಿರುತ್ತದೆ. ಮಂಜಿನದೂ ಅದೇ ಕತೆ: ನಿಜವಾದ ಮಂಜು ದೂರ ಹೋದಷ್ಟೂ ದಟ್ಟವಾಗುತ್ತದೆ, ಫಿಲ್ಟರಿನದು ಹತ್ತಿರದ ಕಂಬಕ್ಕೂ ದೂರದ ಗುಡ್ಡಕ್ಕೂ ಒಂದೇ ಹದದಲ್ಲಿ ಬಳಿದುಕೊಳ್ಳುತ್ತದೆ.

ಇವೆಲ್ಲ ಕುಶಲತೆಯ ಕೊರತೆ, ನಾಳೆ ಸರಿಹೋಗುತ್ತದೆ ಎಂದು ಯಾರಾದರೂ ಹೇಳಬಹುದು. ಹೋಗಬಹುದು. ಆದರೆ ನನ್ನ ತಕರಾರು ಅದಕ್ಕಿಂತ ಆಳದ್ದು: ಆ ಮಳೆಗೆ ಊರಿಲ್ಲ. ಹಾವೇರಿ ಜಿಲ್ಲೆಯ ಈ ನಾಲ್ಕೇ ತಾಲೂಕುಗಳನ್ನು ನೋಡಿ. ಕೃಷಿ ಹವಾಮಾನದ ವಿಂಗಡಣೆಯಲ್ಲಿ ಮಲೆನಾಡಿನ ಸೆರಗಿನ ಹಾನಗಲ್ಲ ಗುಡ್ಡಗಾಡು ವಲಯಕ್ಕೆ ಸೇರಿದರೆ, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳು ಮಲೆನಾಡೂ ಅಲ್ಲದ ಬಯಲೂ ಅಲ್ಲದ ಸಂಕ್ರಮಣ ವಲಯಕ್ಕೆ ಸೇರುತ್ತವೆ. ಒಕ್ಕಲಿಗನಿಗೆ ಮೃಗಶಿರ ಬೇರೆ, ಆರಿದ್ರಾ ಬೇರೆ. ಅಡ್ಡಮಳೆ ಬೇರೆ, ಜಡಿಮಳೆ ಬೇರೆ. ಹಿಂಗಾರಿನ ಸ್ವಾತಿಯಂತೂ ಬೇರೆಯೇ ಲೆಕ್ಕ. ಸವಣೂರಿನ ದೊಡ್ಡಹುಣಸೆ ಮರಗಳನ್ನೇ ತೆಗೆದುಕೊಳ್ಳಿ. ಆಫ್ರಿಕ ಮೂಲದ ಈ ದೈತ್ಯ ಮರಗಳು ಬೇಸಿಗೆಯಲ್ಲಿ ಎಲೆ ಉದುರಿಸಿ ಬೋಳಾಗುತ್ತವೆ, ಮಳೆಗಾಲದಲ್ಲಿ ಹಸಿರು ತುಂಬಿಕೊಳ್ಳುತ್ತವೆ. ಬೇಸಿಗೆಯಲ್ಲಿ ತೆಗೆದ ಬೋಳು ಮರದ ಚಿತ್ರಕ್ಕೆ ಜಡಿಮಳೆ ಹೊಯ್ದವನು ಮರದ ಬಾಳಿನ ಒಂದು ಋತುವನ್ನೇ ತಪ್ಪಾಗಿ ಬರೆದಂತಾಯಿತು.

ಹಾಗಾದರೆ ಕಂಪನಿ ನಾಟಕದ ಸೀನರಿ ಪರದೆಯಲ್ಲಿ ಬಿಡಿಸಿದ ಕಾರ್ಮೋಡ, ಸ್ಟುಡಿಯೋದ ಪರದೆಯ ಮೇಲಿನ ಬೆಟ್ಟ ಸರೋವರ, ಇವೂ ಸುಳ್ಳೇ? ಅಲ್ಲ. ಅದು ಪರದೆ ಎಂದು ನೋಡುವವರಿಗೆ ಗೊತ್ತಿತ್ತು. ಪರದೆ ಮೇಲೆ ಸುತ್ತಿದರೆ ಹಿಂದಿನ ಗೋಡೆ ಕಾಣುತ್ತಿತ್ತು. ಮದುವೆಯ ಆಲ್ಬಮ್ಮಿನಲ್ಲಿ, ಜಾತ್ರೆಯ ಪೋಸ್ಟರಿನಲ್ಲಿ ಫಿಲ್ಟರ್ ಮಳೆ ಸುರಿದರೆ ನನ್ನ ಅಭ್ಯಂತರವೇನೂ ಇಲ್ಲ. 1994ರಲ್ಲಿ ಫೋಟೋಶಾಪಿಗೆ ಪದರಗಳು ಬಂದಾಗ ಟ್ರೈಪ್‌ನಿಗೆ ಇಲ್ಲದ ಒಂದು ಸೌಲಭ್ಯ ನಮಗೆ ಸಿಕ್ಕಿತ್ತು: ಸೇರಿಸಿದ ಮೋಡವನ್ನು ಯಾವಾಗ ಬೇಕಾದರೂ ತೆಗೆದು ಮೂಲವನ್ನು ಮತ್ತೆ ನೋಡಬಹುದಿತ್ತು. ಪದರಗಳನ್ನೆಲ್ಲ ಒಂದಾಗಿ ಬೆಸೆದು ಮೂಲವನ್ನು ಅಳಿಸಿ ಮುಂದಕ್ಕೆ ಕಳಿಸುವ ಇಂದಿನ ರೂಢಿ ಆ ಸೌಲಭ್ಯವನ್ನು ಕೈಯಾರೆ ಕಳೆದುಕೊಳ್ಳುತ್ತಿದೆ. ಕೆಡುಕು ಇರುವುದು ಅಲ್ಲಿ. ಚಿತ್ರವೇ ಸಾಕ್ಷಿಯಾಗುವ ಕಡೆ ಇದು ಇನ್ನೂ ಗಂಭೀರ. ಕರ್ನಾಟಕದಲ್ಲಿ 2020ರಿಂದ ರೈತರೇ ಮೊಬೈಲಿನಲ್ಲಿ ತಮ್ಮ ಬೆಳೆಯ ಚಿತ್ರ ತೆಗೆದು ಬೆಳೆ ಸಮೀಕ್ಷೆಗೆ ಸೇರಿಸುತ್ತಿದ್ದಾರೆ. ಮೆಕ್ಕೆಜೋಳದ ಹೊಲದಲ್ಲಿ ನಿಂತ ನೀರು ಪರಿಹಾರದ ಲೆಕ್ಕವಾಗುವ ಕಾಲದಲ್ಲಿ, ಬಣ್ಣ ಕಟ್ಟಿದ ಒಂದು ಮೋಡ ನಿಜವಾಗಿ ನೆಂದವನ ಮಾತಿಗೂ ಸಂಶಯ ತರುತ್ತದೆ.

ಬಿಗ್ಸ್, ಪಿಗೌ ಬಿಟ್ಟುಹೋದ ಖಾಲಿ ಜಾಗವನ್ನು ಫಿಲ್ಟರ್ ತುಂಬಲಾರದು, ನಾವು ತುಂಬಬಹುದು. ಅವರ ನೆಗೆಟಿವ್‌ಗೆ ಮಳೆ ಹಿಡಿಯುವ ಶಕ್ತಿ ಇರಲಿಲ್ಲ. ನಮ್ಮ ಜೇಬಿನ ಮೊಬೈಲಿಗೆ ಇದೆ. ಈ ಆಷಾಢದಲ್ಲಿ ಜಡಿ ಹಿಡಿದಾಗ ಕೊಡೆ ಹಿಡಿದು ತಾರಕೇಶ್ವರನ ಅಂಗಳಕ್ಕೆ, ಬಂಕಾಪುರದ ನಗರೇಶ್ವರಕ್ಕೆ, ಹಿರೇಕೆರೂರಿನ ದುರ್ಗಾದೇವಿ ಕೆರೆಯ ಏರಿಗೆ ಹೋಗಿ. ನೆಂದ ಕಲ್ಲನ್ನು, ತುಂಬಿದ ನೀರನ್ನು ಇದ್ದಂತೆಯೇ ತೆಗೆಯಿರಿ, ದಿನಾಂಕ ಬರೆದಿಡಿ, ಮೂಲ ಚಿತ್ರವನ್ನು ಅಳಿಸಬೇಡಿ.